ಲಾಂಛನ, ಧ್ವಜ ಮತ್ತು ಬಿಜ್ಜಳನ ವೃಷಭ

ರಾಜವಂಶದ ಗುರುತನ್ನು ಕಂಡರಿಸುವುದು ಶಿಲ್ಪಿಯ ಕೆಲಸ. ಅದನ್ನು ಮಾತಿನಲ್ಲಿ ನಿಲ್ಲಿಸುವುದು ಕವಿಯ ಕೆಲಸ. ಪಾಶ್ಚಾತ್ಯರು ಗುರಾಣಿ, ಅದರ ವರ್ಣ, ಮೇಲಿನ ಚಿಹ್ನೆ, ಇಕ್ಕೆಲದ ಪ್ರಾಣಿ ಇವೆಲ್ಲವನ್ನು, ಓದಿದವನು ಮರಳಿ ಚಿತ್ರಿಸಬಲ್ಲಂತೆ ವರ್ಣಿಸುವ ಶಾಸ್ತ್ರವೊಂದನ್ನು ಬೆಳೆಸಿದರು. ಕನ್ನಡ ನಾಡಿನಲ್ಲಿ ಈ ಹೊಣೆಯನ್ನು ಶಾಸನಗಳ ಪ್ರಶಸ್ತಿಭಾಗ ಹೊತ್ತಿತು. ಆದರೆ ಇಲ್ಲಿ ಗುರಾಣಿಯಿಲ್ಲ. ಮೂಲಪುರ, ಲಾಂಛನ, ಧ್ವಜ, ತೂರ್ಯ ಎಂಬ ನಾಲ್ಕು ಮಾತುಗಳಲ್ಲಿ ವಂಶದ ಪರಿಚಯ ಮುಗಿಯುತ್ತದೆ. ಕಣ್ಣಿಗೆ ಕಾಣುವುದರೊಡನೆ ಕಿವಿಗೆ ಕೇಳುವುದನ್ನೂ ಸೇರಿಸಿದ್ದು ನಮ್ಮವರ ವೈಶಿಷ್ಟ್ಯ.

ನವಲಗುಂದಕ್ಕೆ ನೆರೆಯ ಸವದತ್ತಿಯಲ್ಲಿ ಆಳಿದ ರಟ್ಟರು ಲತ್ತಲೂರು ಪುರವರಾಧೀಶ್ವರರು. ಅವರದು ಸುವರ್ಣಗರುಡ ಧ್ವಜ, ತ್ರಿವಳಿ ವಾದ್ಯ, ಸಿಂಧೂರ ಲಾಂಛನ. ಈ ಕೊನೆಯ ಪದವನ್ನು ಕುಂಕುಮವರ್ಣವೆಂದೂ ಆನೆಯೆಂದೂ ಅರ್ಥೈಸಲು ಆಸ್ಪದವುಂಟು. ಒಂದು ಅಕ್ಷರದ ಹ್ರಸ್ವ ದೀರ್ಘದ ಮೇಲೆ ವಂಶದ ಗುರುತೇ ಬದಲಾಗುತ್ತದೆ! ಹಾನಗಲ್ಲಿನ ಕದಂಬರಿಗೆ ಲಾಂಛನ ಸಿಂಹ, ಧ್ವಜದಲ್ಲಿ ವಾನರ. ಮುದ್ರೆಯ ಗುರುತು ಬೇರೆ, ಬಾವುಟದ ಗುರುತು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಡ. ಎರಡನ್ನೂ ಒಂದೆಂದು ಬರೆಯುವ ರೂಢಿ ಇನ್ನೂ ಉಳಿದಿರುವುದು ವಿಷಾದಕರ.

ಬೆಳ್ವೊಲ ಮುನ್ನೂರರ ಪ್ರಮುಖ ಪಟ್ಟಣವಾಗಿದ್ದ ಅಣ್ಣಿಗೇರಿಯ ಮಟ್ಟಿಗೆ ಈ ವಿವೇಚನೆ ಹೆಚ್ಚು ಅಗತ್ಯವಾದುದು. ಚಾಲುಕ್ಯರ ಲಾಂಛನ ವರಾಹ. ಹೊನ್ನಿನ ನಾಣ್ಯಕ್ಕೆ ಆ ಹೆಸರು ಅಂಟಿಕೊಂಡು ವಂಶವಳಿದ ಮೇಲೂ ಶತಮಾನಗಳ ಕಾಲ ಸಂತೆಯಲ್ಲಿ ಚಲಾವಣೆಯಾಯಿತು. 1162ರಲ್ಲಿ ಸಾರ್ವಭೌಮ ಬಿರುದುಗಳನ್ನು ಧರಿಸಿದ ಕಳಚುರಿ ಬಿಜ್ಜಳನು ಕಾಲಂಜರ ಪುರವರಾಧೀಶ್ವರ, ಸುವರ್ಣವೃಷಭಧ್ವಜ, ಡಮರುಗ ತೂರ್ಯದವನು. 1184ರ ಸುಮಾರಿಗೆ ನಾಲ್ವಡಿ ಸೋಮೇಶ್ವರನು ಚಾಲುಕ್ಯ ಪ್ರಭುತ್ವವನ್ನು ಮರಳಿ ಪಡೆದು ಅಣ್ಣಿಗೇರಿಯಿಂದ ಆಳಿದಾಗ ವರಾಹ ಹಿಂದಿರುಗಿತು. ಅದೂ ಕೆಲವೇ ವರ್ಷ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಪುರಾಣಗಳಲ್ಲಿ ಅವರು ನಂದಿಯ ಅವತಾರ. ರಾಜನ ಬಾವುಟದಲ್ಲಿಯೂ ವೃಷಭ. ಈ ಮೂರನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಆಸೆ ಭಕ್ತರಿಗೆ ಸಹಜ. ಊರೂರಿನ ಶಾಸನಶಿಲೆಗಳ ನೆತ್ತಿಯ ಮೇಲೆ ಲಿಂಗದ ಬಳಿ ಬಸವನನ್ನು ಕಂಡೊಡನೆ ಅದು ಕಳಚುರಿ ಲಾಂಛನವೆಂದು ಹೇಳಿಬಿಡುವವರೂ ಇದ್ದಾರೆ. ಆದರೆ ವರಾಹಲಾಂಛನದ ಚಾಲುಕ್ಯರ ಶಿಲೆಗಳಲ್ಲಿಯೂ ಅದೇ ಬಸವ, ಅದೇ ಆಕಳು ಕರು, ಅದೇ ಸೂರ್ಯ ಚಂದ್ರರಿದ್ದಾರೆ. ಸೂರ್ಯ ಚಂದ್ರರಿರುವವರೆಗೆ ದತ್ತಿ ನಡೆಯಲೆಂಬುದು ಅವುಗಳ ಅರ್ಥ. ಆಳುವ ವಂಶ ಯಾವುದೆಂಬುದನ್ನು ಅವು ಹೇಳುವುದಿಲ್ಲ. ವಂಶ ತಿಳಿಯಬೇಕಾದರೆ ಚಿತ್ರವನ್ನು ಬಿಟ್ಟು ಕೆಳಗಿನ ಪ್ರಶಸ್ತಿಯನ್ನೇ ಓದಬೇಕು.

ಶರಣರು ಲಾಂಛನವೆಂಬ ಅರಮನೆಯ ಪದವನ್ನು ಎತ್ತಿಕೊಂಡು ವಿಭೂತಿ ರುದ್ರಾಕ್ಷಿಗಳಿಗೆ ಸಲ್ಲಿಸಿದರು. ಆಚಾರವಿಲ್ಲದ ಲಾಂಛನಧಾರಿಯನ್ನು ನಿಷ್ಠುರವಾಗಿ ಖಂಡಿಸಿದವರೂ ಅವರೇ. ಮುದ್ರೆಯೆಂಬ ಪದವೂ ಅವರಲ್ಲಿ ಹೀಗೆಯೇ ಹೊಸ ನೆಲೆ ಪಡೆಯಿತು. ವಚನದ ಕೊನೆಯ ಅಂಕಿತವನ್ನು ಮುದ್ರಿಕೆಯೆಂದು ಕರೆಯುವ ವಾಡಿಕೆಯುಂಟಷ್ಟೆ. ಅಲ್ಲಿ ಪ್ರಾಣಿಯಿಲ್ಲ, ವರ್ಣವಿಲ್ಲ. ಇಷ್ಟದೈವದ ಹೆಸರೊಂದೇ ಇದೆ. ಅರಸನ ಮುದ್ರೆ ವಂಶಕ್ಕೊಂದಾದರೆ, ಇಲ್ಲಿ ಕಾಯಕದ ಸ್ತ್ರೀಪುರುಷರಿಗೂ ತಮ್ಮತಮ್ಮದೇ ಮುದ್ರಿಕೆ.