ಕಾರ್ಲ್ ರೈನರ್: ಪಾತ್ರವನ್ನು ಬಿಟ್ಟುಕೊಟ್ಟ ಹಾಸ್ಯಕರ್ತ

1922ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಗಡಿಯಾರದ ಕೆಲಸಗಾರನೊಬ್ಬನ ಮಗನಾಗಿ ಜನಿಸಿದ ಕಾರ್ಲ್ ರೈನರನು, 16ನೆಯ ವಯಸ್ಸಿನಲ್ಲಿ ಹೊಲಿಗೆಯ ಯಂತ್ರಗಳನ್ನು ದುರಸ್ತುಮಾಡುವ ಕೆಲಸದಲ್ಲಿದ್ದನು. ಸರ್ಕಾರದ ವತಿಯಿಂದ ನಡೆಯುತ್ತಿದ್ದ ಉಚಿತ ನಾಟಕಶಾಲೆಯ ಸುದ್ದಿಯನ್ನು ಅಣ್ಣನು ಓದಿ ತಿಳಿಸದಿದ್ದರೆ, ಆತನ ಆಯುಷ್ಯವು ಆ ಯಂತ್ರಗಳ ನಡುವೆಯೇ ಕಳೆಯುತ್ತಿತ್ತೋ ಏನೋ.

1950ರಲ್ಲಿ ಆತನು ಸಿಡ್ ಸೀಸರನ ದೂರದರ್ಶನ ಹಾಸ್ಯಮಂಡಲಿಯನ್ನು ನಟನಾಗಿ ಸೇರಿದನು. ಮೆಲ್ ಬ್ರೂಕ್ಸನಂಥವರು ಬರೆಯುತ್ತಿದ್ದ ಕೊಠಡಿಯಲ್ಲಿ ಆತನಿಗೆ ಲೇಖಕನೆಂಬ ಹೆಸರಿರಲಿಲ್ಲ. ಆದರೂ ಅಲ್ಲಿಯೇ ಕುಳಿತು ಕೇಳಿದನು, ನಡುನಡುವೆ ಮಾತು ಸೇರಿಸಿದನು, ಕಸುಬನ್ನು ಕಲಿತನು.

ತರುವಾಯ ಆ ಕೊಠಡಿಯನ್ನೂ ತನ್ನ ಸಂಸಾರವನ್ನೂ ಬೆರೆಸಿ ಗೃಹಹಾಸ್ಯವೊಂದರ 13 ಕಂತುಗಳನ್ನು ಒಬ್ಬನೇ ಬರೆದು, ನಾಯಕನ ಪಾತ್ರವನ್ನೂ ತಾನೇ ವಹಿಸಿದನು. 1960ರಲ್ಲಿ ಮಾದರಿಯ ಕಂತು ಪ್ರಸಾರವಾಯಿತು, ಮುಂದುವರಿಯಲಿಲ್ಲ. ದೋಷವು ಬರಹದಲ್ಲಿಲ್ಲ, ನಟವರ್ಗದಲ್ಲಿದೆಯೆಂದು ನಿರ್ಮಾಪಕ ಷೆಲ್ಡನ್ ಲಿಯೊನಾರ್ಡನು ನಿರ್ಣಯಿಸಿದನು. ತನ್ನ ಬಾಳನ್ನು ಅಭಿನಯಿಸಲು ತಾನೇ ತಕ್ಕವನಲ್ಲವೆಂಬ ಮಾತು ಯಾರಿಗಾದರೂ ಕಹಿಯೇ ಸರಿ. ರೈನರನು ಅದನ್ನು ನುಂಗಿದನು. 1961ರಲ್ಲಿ ಡಿಕ್ ವಾನ್ ಡೈಕನು ನಾಯಕನಾದನು. 1966ರವರೆಗೆ ಆತನ ಹೆಸರಿನಲ್ಲಿಯೇ 158 ಕಂತುಗಳು ನಡೆದುವು. ರೈನರನು ತನಗೆಂದು ಉಳಿಸಿಕೊಂಡದ್ದು ಸಿಡುಕಿನ ಯಜಮಾನನ ಸಣ್ಣ ಪಾತ್ರ; ಮೊದಮೊದಲು ಅದರಲ್ಲಿಯೂ ಮುಖ ಕಾಣುತ್ತಿರಲಿಲ್ಲ!

ಹೊಸ ಲೇಖಕರನ್ನು ಬೆಳೆಸಿದ್ದು ಆತನ ಇನ್ನೊಂದು ಸಾಧನೆ. ಬರೆಯುವವನು ಮತ್ತಾರೂ ನಿಂತಿರದ ತನ್ನದೇ ನೆಲದ ಮೇಲೆ ನಿಂತು ಬರೆಯಬೇಕೆಂಬುದು ಆತನ ಪಾಠವಾಗಿತ್ತು. ಬಿಲ್ ಪರ್ಸ್ಕಿ, ಸ್ಯಾಮ್ ಡೆನಾಫ್ ಎಂಬ ಜೊತೆಗಾರರು 1963ರಲ್ಲಿ ಒಂದು ಕಂತನ್ನು ಬರೆದರು. ಆಸ್ಪತ್ರೆಯಲ್ಲಿ ತನ್ನ ಮಗು ಅದಲುಬದಲಾಯಿತೆಂದು ಶಂಕಿಸಿದ ನಾಯಕನು ಆ ಇನ್ನೊಂದು ದಂಪತಿಗಳನ್ನು ಮನೆಗೆ ಕರೆಯುತ್ತಾನೆ. ಬಾಗಿಲು ತೆರೆದರೆ, ಬಂದವರು ಕರಿಯ ಜನಾಂಗದವರು. ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ಹೋರಾಟವು ಉಗ್ರವಾಗಿದ್ದ ವರ್ಷವದು. ಪ್ರಾಯೋಜಕರು ಅಂಜಿದರು. ಹಿರಿಯರಿಬ್ಬರೂ ಕಿರಿಯರ ಬೆಂಬಲಕ್ಕೆ ನಿಂತರು. ಅಲ್ಲಿ ನಗೆಗೀಡಾದವನು ಬಿಳಿಯ ನಾಯಕನೇ ಹೊರತು ಬಂದವರಲ್ಲ. ಪ್ರೇಕ್ಷಕರಿಗೆ ಇದು ತಟ್ಟನೆ ತಿಳಿಯಿತು. ಅವರ ನಗುವು ಎಷ್ಟು ದೀರ್ಘವಾಯಿತೆಂದರೆ, ಪ್ರಸಾರಕ್ಕಾಗಿ ಅದನ್ನು ಕತ್ತರಿಸಬೇಕಾಯಿತು.

ಅದೇ ಗರಡಿಯಲ್ಲಿ ಪಳಗಿದ ಗ್ಯಾರಿ ಮಾರ್ಷಲನು 1974ರಲ್ಲಿ ‘ಹ್ಯಾಪಿ ಡೇಸ್’ ಎಂಬ ಜನಪ್ರಿಯ ಮಾಲಿಕೆಯನ್ನು ಆರಂಭಿಸಿದನು. ರೈನರನು 1979ರಿಂದ 1984ರವರೆಗೆ ಸ್ಟೀವ್ ಮಾರ್ಟಿನನೆಂಬ ತರುಣ ವಿದೂಷಕನ ನಾಲ್ಕು ಚಲನಚಿತ್ರಗಳನ್ನು ನಿರ್ದೇಶಿಸಿದನು. 2020ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕೊನೆಯ ವರ್ಷಗಳಲ್ಲಿಯೂ ಸಂಜೆಯಾದರೆ ಮೆಲ್ ಬ್ರೂಕ್ಸನು ಊಟಕ್ಕೆ ಆತನ ಮನೆಗೆ ಬರುತ್ತಿದ್ದನು.