ಹೆಬ್ಬೆರಳು ಆಡಿಸು ನೋಡೋಣ

ಬಾಗಲಕೋಟೆ ಸೀಮೆಯಲ್ಲಿ ‘ನಡಾ ಮುರೀತು’ ಅಂದರೆ ಮೈಯ ಸುದ್ದಿಯಷ್ಟೇ ಅಲ್ಲ, ಮನೆತನವೇ ಕುಸಿಯಿತು ಎಂದರ್ಥ. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿ, ಹುನಗುಂದದ ಹೊಲದ ಬಾವಿ, ಬಾದಾಮಿ ರಸ್ತೆಯ ಬೈಕು: ಬೀಳಲು ಇಲ್ಲಿ ಜಾಗಕ್ಕೆ ಬರವಿಲ್ಲ. ಬಿದ್ದವನ ಬದುಕು ಅಲ್ಲಿಗೆ ಮುಗಿಯಿತು ಎನ್ನುವ ಈ ತೀರ್ಪು ಎಷ್ಟು ಹಳೆಯದೆಂದು ಹುಡುಕುತ್ತ ಹೋದ ನಾನು ಈಜಿಪ್ಟ್ ತಲುಪಿದೆ.

ಎಡ್ವಿನ್ ಸ್ಮಿತ್ 1862ರಲ್ಲಿ ಲಕ್ಸರ್‌ನಲ್ಲಿ ಕೊಂಡ ಪಪೈರಸ್ ಸುರುಳಿ ಕ್ರಿ.ಪೂ. 1600ರ ಸುಮಾರಿನದು. ಅದರಲ್ಲಿ 48 ಪ್ರಕರಣಗಳಿವೆ. ಒಬ್ಬನ ಕತ್ತಿನ ಮೂಳೆ ಸರಿದಿದೆ. ಕೈಕಾಲುಗಳ ಅರಿವಿಲ್ಲ, ಮೂತ್ರ ತಾನಾಗಿ ತೊಟ್ಟಿಕ್ಕುತ್ತಿದೆ. ವೈದ್ಯ ಎಲ್ಲವನ್ನೂ ಸರಿಯಾಗಿಯೇ ನೋಡಿದ್ದಾನೆ. ನೋಡಿ, ಇದು ಚಿಕಿತ್ಸೆಗೆ ಸಲ್ಲದ ಕಾಯಿಲೆ ಎಂದು ಕೈಬಿಟ್ಟಿದ್ದಾನೆ.

ಇಂದಿನ ಎಲುಬು ವೈದ್ಯರ ಪರೀಕ್ಷೆಗೂ ಬೇಕಾದದ್ದು ಒಂದಿಷ್ಟು ಹತ್ತಿ, ಒಂದು ಪಿನ್ನು. ಚುಚ್ಚಿದ್ದು ಎಲ್ಲಿಯವರೆಗೆ ಗೊತ್ತಾಗುತ್ತದೆ ಎಂದು ಕೇಳುತ್ತ ಕೆಳಗಿಳಿಯುತ್ತಾರೆ. ಹೊಕ್ಕುಳಿನ ಮಟ್ಟ ಎದೆಭಾಗದ ಹತ್ತನೆಯ ನರದ್ದು; ಕಾಲ ಹೆಬ್ಬೆರಳನ್ನು ಮೇಲೆತ್ತುವುದು ಸೊಂಟದ ಐದನೆಯ ನರದ ಕೆಲಸ. ಕೊನೆಗೆ ಗುದದ್ವಾರದ ಸ್ಪರ್ಶ. ಅಲ್ಲಿ ಅರಿವು ಉಳಿದಿದ್ದರೆ ಹುರಿಯ ಸಂಪರ್ಕ ಪೂರ್ತಿ ಕಡಿದಿಲ್ಲ; ಚೇತರಿಕೆಯ ಆಸೆ ಹೆಚ್ಚು. ಪೆಟ್ಟಿನ ಆಘಾತಕ್ಕೆ ಹುರಿ ಕೆಲಕಾಲ ಮಂಕಾಗಿರುವುದರಿಂದ ಮೊದಲ ದಿನದ ಫಲಿತಾಂಶವೇ ಕೊನೆಯದಲ್ಲ. ಮತ್ತೆ ಮತ್ತೆ ನೋಡಬೇಕು.

ಹಳೆಯ ತೀರ್ಪನ್ನು ತಿರುಗಿಸಿದ್ದು ಪರೀಕ್ಷೆಯ ಆಮೇಲಿನ ಆರೈಕೆ. ಇಂಥವರನ್ನು ಹೆಚ್ಚಾಗಿ ಕೊಲ್ಲುತ್ತಿದ್ದುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ಲುಡ್ವಿಗ್ ಗಟ್‌ಮನ್ ರೋಗಿಗಳ ಮಗ್ಗುಲನ್ನು ಎರಡೆರಡು ಗಂಟೆಗೆ ಬದಲಿಸಿದರು. 1948ರಲ್ಲಿ ಅವರ ಕೈಗೆ ಬಿಲ್ಲು ಕೊಟ್ಟರು. ಪ್ಯಾರಾಲಿಂಪಿಕ್ಸ್ ಬೇರು ಅಲ್ಲಿದೆ. 1954ರ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿಯೇ ಪುನರ್ವಸತಿ ಕೇಂದ್ರ ಕಟ್ಟಿದರು. ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್, 1965ರ ಯುದ್ಧದ ಗುಂಡು ಬೆನ್ನಲ್ಲಿರುವಾಗಲೇ, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು.

ಬಾಗಲಕೋಟೆಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ಆದರೂ ಬಿದ್ದ ಗಳಿಗೆಯಲ್ಲಿ ಹತ್ತಿರ ಇರುವವರು ನಾವೇ. ಕೈಕಾಲು ಹಿಡಿದೆತ್ತಿ ಟಂಟಂನಲ್ಲಿ ಮಡಿಸಿ ಕೂರಿಸಿದರೆ ಉಳಿದಿದ್ದ ಹುರಿಯೂ ಹಾಳಾದೀತು. ಕತ್ತು, ಬೆನ್ನು ಒಂದೇ ನೇರಕ್ಕಿಟ್ಟು ಹಲಗೆಯ ಮೇಲೆ ಒಯ್ಯಬೇಕು. ಊರಿಗೆ ಮರಳಿದ ಮೇಲೆ ಮಗ್ಗುಲು ಬದಲಿಸುವ ಕೈ ಬೇಕು, ಗಾಲಿಕುರ್ಚಿಗೆ ಅಡ್ಡ ಬರದ ಹೊಸ್ತಿಲು ಬೇಕು. ಅಷ್ಟಾದರೆ ‘ನಡಾ ಮುರೀತು’ ಎನ್ನುವುದು ಬರೀ ಎಲುಬಿನ ಸುದ್ದಿಯಾದೀತು.