ಹವಾ ಮುನ್ಸೂಚನೆ ಬರೆಯುವ ಕಂಪ್ಯೂಟರ್
ಅಂಕಿ-ಅಂಶಗಳಿಂದ ಕಂಪ್ಯೂಟರ್ ತಾನೇ ವಾಕ್ಯ ರಚಿಸುವ ತಂತ್ರವನ್ನು ಸಹಜ ಭಾಷಾ ಉತ್ಪಾದನೆ ಎನ್ನುತ್ತಾರೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಎಹುಡ್ ರೈಟರ್, ಸೋಮಯಾಜುಲು ಶ್ರೀಪಾದ ಮತ್ತು ಸಂಗಡಿಗರ 'ಸಮ್‌ಟೈಮ್' ಯೋಜನೆ, ಸಮುದ್ರದಲ್ಲಿನ ತೈಲ ಸ್ಥಾವರಗಳಿಗೆ ಇಂಗ್ಲಿಷ್‌ನಲ್ಲಿ ಹವಾ ಮುನ್ಸೂಚನೆ ಬರೆಯುವ ತಂತ್ರಾಂಶವನ್ನು ರೂಪಿಸಿತು.

ಹವಾಮಾನ ತಜ್ಞರ ಬರಹಗಳನ್ನು ಪರಿಶೀಲಿಸಿದಾಗ ತೊಡಕೊಂದು ಬೆಳಕಿಗೆ ಬಂತು. 'ಸಂಜೆಯ ವೇಳೆಗೆ' ಎಂದರೆ ಒಬ್ಬ ತಜ್ಞರಿಗೆ 6 ಗಂಟೆ, ಮತ್ತೊಬ್ಬರಿಗೆ ಮಧ್ಯರಾತ್ರಿ! ಗಾಳಿ ಬಲಗೊಳ್ಳುವ ಹೊತ್ತನ್ನು ತಪ್ಪಾಗಿ ಗ್ರಹಿಸಿದರೆ ನಡುಗಡಲಿನ ಕೆಲಸಕ್ಕೇ ಅಪಾಯ. ಆದ್ದರಿಂದ ಇಂತಹ ಸಂದಿಗ್ಧ ಪದಗಳನ್ನು ಕೈಬಿಟ್ಟು, ಉಳಿದವನ್ನು ಒಂದೇ ಅರ್ಥದಲ್ಲಿ ಬಳಸುವಂತೆ ತಂತ್ರಾಂಶಕ್ಕೆ ನಿಯಮ ವಿಧಿಸಲಾಯಿತು.

2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮುನ್ಸೂಚನೆಯ ಬಳಕೆದಾರರು ಕೆಲವೆಡೆ ತಜ್ಞರ ಬರಹಕ್ಕಿಂತ ಕಂಪ್ಯೂಟರ್ ಬರಹವನ್ನೇ ಮೆಚ್ಚಿದರು. ಪದಬಳಕೆಯ ಏಕರೂಪತೆಯೇ ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ವಿವರಿಸಿದ್ದಾರೆ.